ಕಾರಿಗೆ ಗಾಳಿ ಹಿಡಿಸುವುದು

ಹೊಸಪೇಟೆಯಲ್ಲಿ ಕಾರು ತೊಳೆಯುವುದು ಕಷ್ಟವಲ್ಲ, ಒಣಗಿಸುವುದು ಕಷ್ಟ. ಬೋರ್‌ವೆಲ್ ನೀರು ಗಡುಸು, ಬಿಸಿಲು ಚುರುಕು. ಬಾನೆಟ್ ಮುಗಿಸುವಷ್ಟರಲ್ಲಿ ಛಾವಣಿಯ ನೀರು ತಾನೇ ಆರಿ, ಒಂದೊಂದು ಹನಿಯೂ ಬಿಳಿ ಉಂಗುರವಾಗಿ ಕೂತಿರುತ್ತದೆ. ಆ ಉಂಗುರವನ್ನು ಒಣಬಟ್ಟೆಯಿಂದ ಉಜ್ಜಿದರೆ ಗಾಳಿಯಲ್ಲಿ ಬಂದು ಕೂತ ಅದಿರಿನ ಧೂಳೂ ಜೊತೆಗೆ ಉಜ್ಜಿಕೊಂಡು ಬಣ್ಣದ ಮೇಲೆ ಕೂದಲೆಳೆಯಂಥ ಗೀರು ಬೀಳುತ್ತದೆ. ಹಾಗಾಗಿ ಈ ಕೆಲಸಕ್ಕೆ ಇಬ್ಬರು ಬೇಕು. ಒಬ್ಬ ನೀರು ಹಾಕುತ್ತ ಮುಂದೆ ಹೋಗಬೇಕು, ಇನ್ನೊಬ್ಬ ಅವನ ಹಿಂದೆಯೇ ನೀರು ತೆಗೆಯುತ್ತ ಬರಬೇಕು.

ನಾವು ಇಬ್ಬರಿದ್ದೆವು. ನಾನು ಪತ್ರಿಕೆಯೊಂದರ ವರದಿಗಾರ, ಅವನು ಅದೇ ಪತ್ರಿಕೆಗೆ ಫೋಟೊ ತೆಗೆಯುತ್ತಿದ್ದ ಗೆಳೆಯ. ಕಾರು ಅವನದು, ಬಿಳಿ ಬಣ್ಣದ ಸಣ್ಣ ಕಾರು. ವಾರವೆಲ್ಲ ಅದರಲ್ಲಿ ಸಂಡೂರು, ಕಂಪ್ಲಿ, ಹಂಪಿ ಎಂದು ಸುದ್ದಿಯ ಹಿಂದೆ ಸುತ್ತುತ್ತಿದ್ದೆವು. ಭಾನುವಾರ ಬೆಳಿಗ್ಗೆ ಅವನ ಮನೆಯ ಪಶ್ಚಿಮದ ಗೋಡೆಯ ಪಕ್ಕ, ನೆರಳು ಇರುವಷ್ಟು ಹೊತ್ತು, ತೊಳೆಯುತ್ತಿದ್ದೆವು. ನಾನು ಪೈಪು ಹಿಡಿಯುತ್ತಿದ್ದೆ. ಒಣಗಿಸುವ ಕೆಲಸವನ್ನು ಅವನು ಬಹಳ ದಿನ ನನಗೆ ಕೊಡಲಿಲ್ಲ.

ಅವನದು ವೈಷ್ಣವರ ಮನೆ. ಪೂಜೆಯ ಹೊತ್ತಿಗೆ ಹೊದೆಯುವ ತೆಳು ಹತ್ತಿಯ ಪಾಣಿಪಂಚೆ ತೊಳೆದು ತೊಳೆದು ಮೆತ್ತಗಾದ ಮೇಲೆ ಕಾರಿನ ಬಟ್ಟೆಯಾಗುತ್ತಿತ್ತು. ಅದನ್ನು ನೆನೆಸಿ, ಬಿಗಿಯಾಗಿ ಹಿಂಡಿ, ಎರಡು ತುದಿ ಹಿಡಿದು ಛಾವಣಿಯ ಮೇಲೆ ಹಾಸಿ, ಒತ್ತದೆ ಮೆಲ್ಲಗೆ ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದ. ನೀರೆಲ್ಲ ಪಂಚೆಗೆ ಬರುತ್ತಿತ್ತು. ಛಾವಣಿಯಾದ ಮೇಲೆ ಗಾಜು, ಆಮೇಲೆ ಬಾನೆಟ್, ಆಮೇಲೆ ಬಾಗಿಲುಗಳು, ಯಾವಾಗಲೂ ಮೇಲಿನಿಂದ ಕೆಳಕ್ಕೆ. ಅಂಗಡಿಯಿಂದ ನಾನು ತಂದ ಮೈಕ್ರೋಫೈಬರ್ ಬಟ್ಟೆ ಕೊನೆಯ ಸುತ್ತಿಗೆ ಮಾತ್ರ.

ಮೊದಲ ಸಲ ಪಂಚೆ ನನ್ನ ಕೈಗೆ ಬಂದಾಗ ನಾನು ಉಜ್ಜತೊಡಗಿದೆ.

“ಒರೆಸಬ್ಯಾಡಲೇ, ನೀರು ಎತ್ತು,” ಅಂದ. “ಬಾನೆಟ್ ಮ್ಯಾಲೆ ಸಂಪಾದಕೀಯ ಬರದಂಗ ಉಜ್ಜಲಿಕ್ಕತ್ತಿ.”

ನನ್ನ ಕೈ ಪಳಗಿದ ಮೇಲೆ ಛಾವಣಿಗೆ ಇಬ್ಬರೂ ಪಂಚೆಯ ಒಂದೊಂದು ತುದಿ ಹಿಡಿಯತೊಡಗಿದೆವು. ಬಟ್ಟೆ ಕೈಜಾರಿ ನೆಲಕ್ಕೆ ಬಿದ್ದರೆ ಆ ದಿನದ ಮಟ್ಟಿಗೆ ಅದು ಚಕ್ರಗಳ ಪಾಲು. ಕಣ್ಣಿಗೆ ಕಾಣದ ಅದಿರಿನ ಪುಡಿ ಅದಕ್ಕೆ ಹತ್ತಿರುತ್ತದೆ. ಕಿಟಕಿಯಿಂದ ಇದನ್ನು ನೋಡುತ್ತಿದ್ದ ಅವನ ಹೆಂಡತಿ, “ದೇವರ ಕೋಣ್ಯಾಗ ಇಷ್ಟು ಮಡಿ ಇಲ್ಲ, ಕಾರಿಗೆ ಅದ,” ಅನ್ನುತ್ತಿದ್ದರು. ಗೆಳೆಯ ನನಗಿಂತ ದೊಡ್ಡವನಾದ್ದರಿಂದ ಅವರನ್ನು ನಾನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತೇನೆ.

ಇಷ್ಟಾದರೂ ಕಾರು ಒಣಗಿರುವುದಿಲ್ಲ. ಕನ್ನಡಿಯ ಹಿಂದೆ, ಬಾಗಿಲ ಹಿಡಿಕೆಯ ಒಳಗೆ, ಡಿಕ್ಕಿಯ ರಬ್ಬರಿನ ಅಡಿ, ನಂಬರ್ ಪ್ಲೇಟಿನ ಹಿಂದೆ ನೀರು ಉಳಿದಿರುತ್ತದೆ. ಬ್ರೇಕ್ ತೇವವಾಗಿರುತ್ತದೆ. ಹಾಗೆಯೇ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದರೆ ಮರುದಿನ ಅದು ಹಿಡಿದುಕೊಂಡಿರುತ್ತದೆ. ಅದಕ್ಕೆ ಕಾರನ್ನು ಸ್ವಲ್ಪ ದೂರ ಓಡಿಸಿ, ನಡುನಡುವೆ ಮೆತ್ತಗೆ ಬ್ರೇಕ್ ಒತ್ತಿ, ಎಲ್ಲಾದರೂ ನಿಲ್ಲಿಸಿ ನಾಲ್ಕೂ ಬಾಗಿಲು ತೆರೆದು ಅವುಗಳ ಅಡಿಯ ಹೊಸ್ತಿಲುಗಳಲ್ಲಿ ನಿಂತ ನೀರನ್ನು ಬಟ್ಟೆಯಿಂದ ಒತ್ತಿ ತೆಗೆಯಬೇಕು. ಇದಕ್ಕೆ ಅವನು ಇಟ್ಟ ಹೆಸರು ಗಾಳಿ ಹಿಡಿಸೋದು. ನಮ್ಮ ಕಡೆ ಯಾರಿಗಾದರೂ ಗಾಳಿ ಹಿಡಿಯಿತು ಅಂದರೆ ದೆವ್ವ ಬಡಿಯಿತು ಎಂದೇ ಅರ್ಥ.

“ಕಾರಿಗೆ ಗಾಳಿ ಹಿಡಿಸಿಕೊಂಡು ಬರ್ತೀವಿ,” ಎಂದು ಅವನು ಬಾಗಿಲಿನಿಂದ ಕೂಗುತ್ತಿದ್ದ.

“ಕಾರಿಗೆ ಯಾವಾಗ ಹಿಡೀತದೋ ಗೊತ್ತಿಲ್ಲ,” ಎಂದು ಒಳಗಿಂದ ಉತ್ತರ ಬರುತ್ತಿತ್ತು. “ನಿಮ್ಮಿಬ್ಬರಿಗೆ ಹಿಡದು ಭಾಳ ದಿನಾ ಆತು.”

ಓಡಿಸುವ ದಿಕ್ಕೂ ಮುಖ್ಯ. ಅನಂತಶಯನಗುಡಿ ದಾಟಿ ಹಂಪಿಯ ಕಡೆಗೆ ಹೋಗಬೇಕು. ಅಲ್ಲಿ ಕಾಲುವೆ, ಬಾಳೆತೋಟ, ಕಬ್ಬು, ಗಾಳಿ ಸ್ವಚ್ಛ. ಸಂಡೂರಿನ ಕಡೆಗೆ ಹೋಗಬಾರದು. ಒಂದು ಭಾನುವಾರ ಅಲ್ಲಿಂದ ಏನೋ ಸುದ್ದಿ ಬಂತೆಂದು ತೊಳೆದ ಕಾರನ್ನು ಹಾಗೇ ಆ ರಸ್ತೆಗೆ ತಿರುಗಿಸಿದ್ದೆವು. ಅದಿರು ಲಾರಿಗಳ ಹಿಂದೆ ಹೋಗಿ ಬರುವಷ್ಟರಲ್ಲಿ ಹಿಡಿಕೆಗಳಿಂದ ಇಳಿದ ನೀರಿಗೆ ಧೂಳು ಕೂಡಿ ನಾಲ್ಕೂ ಬಾಗಿಲ ಮೇಲೆ ಕೆಂಪು ಗೆರೆ. ರಬ್ಬರಿನ ಅಂಚಿನಲ್ಲಿ ಅದು ಸಿಮೆಂಟಿನಂತೆ ಗಟ್ಟಿಯಾಯಿತು. ತೆಗೆಯಲು ಹಲ್ಲುಜ್ಜುವ ಬ್ರಷ್ ಬೇಕಾಯಿತು. ಆಮೇಲೆ ಭಾನುವಾರ ಸಂಡೂರಿನಲ್ಲಿ ಏನೇ ನಡೆದರೂ ನಾವು ಬಸ್ಸಿನಲ್ಲಿ ಹೋಗುತ್ತಿದ್ದೆವು.

ಹೋದ ವರ್ಷ ಬೇಸಿಗೆಯಲ್ಲಿ ಅವನು ತೀರಿಕೊಂಡ. ಎದೆನೋವು ಎಂದನಂತೆ, ಆಸ್ಪತ್ರೆ ಮುಟ್ಟಲಿಲ್ಲ. ಪತ್ರಿಕೆಗೆ ನಾಲ್ಕು ಸಾಲು ನಾನೇ ಬರೆದೆ. ವಯಸ್ಸು, ಊರು, ಎಷ್ಟು ಕಾಲ ಕೆಲಸ ಮಾಡಿದ, ಅಂತ್ಯಕ್ರಿಯೆ ಎಲ್ಲಿ. ಅದಕ್ಕಿಂತ ಹೆಚ್ಚು ಬರೆಯಲು ಜಾಗವೂ ಇರಲಿಲ್ಲ, ಬರೆಯುವ ಪದ್ಧತಿಯೂ ಇಲ್ಲ.

ಅವರಿಗೆ ಮಕ್ಕಳಿಲ್ಲ. ನಾನು ಮದುವೆಯಾದವನಲ್ಲ, ಅದಕ್ಕೆ ವಿಶೇಷ ಕಾರಣವೇನೂ ಇಲ್ಲ. ಹದಿನೈದು ದಿನ ಕಳೆದ ಮೇಲೆ ವೈನಿ ಫೋನ್ ಮಾಡಿ, “ಕಾರು ನಿಂತಲ್ಲೇ ನಿಂತದ. ಒಮ್ಮೆ ಬಂದು ಸ್ಟಾರ್ಟ್ ಮಾಡಿ ಹೋಗ್ರಿ,” ಅಂದರು. ಆ ಭಾನುವಾರ ಹೋದೆ. ಧೂಳು ಹಿಡಿದಿತ್ತು, ತೊಳೆದೆ. ಮುಂದಿನ ಭಾನುವಾರವೂ ಹೋದೆ. ಹಾಗೇ ನಡೆದುಬಂತು.

ಒಬ್ಬನೇ ಒಣಗಿಸುವುದನ್ನು ಹೊಸದಾಗಿ ಕಲಿಯಬೇಕಾಯಿತು. ಇಡೀ ಕಾರಿಗೆ ಒಮ್ಮೆಗೇ ನೀರು ಹಾಕಿದರೆ ಉಂಗುರಗಳು ನನಗಿಂತ ಮುಂದೆ ಇರುತ್ತಿದ್ದವು. ಆದ್ದರಿಂದ ಛಾವಣಿಯನ್ನಷ್ಟೇ ತೊಳೆದು ಒಣಗಿಸುವುದು, ಆಮೇಲೆ ಮುಂಭಾಗ, ಆಮೇಲೆ ಒಂದೊಂದು ಮಗ್ಗುಲು. ಪಂಚೆಯ ಇನ್ನೊಂದು ತುದಿ ಹಿಡಿಯುವವರಿಲ್ಲದೆ ಛಾವಣಿಯ ನಡುಭಾಗ ಕೈಗೆ ಎಟುಕುತ್ತಿರಲಿಲ್ಲ. ಬಾಗಿಲು ತೆರೆದು ಹೊಸ್ತಿಲ ಮೇಲೆ ನಿಂತು ಎಳೆಯುತ್ತಿದ್ದೆ. ಕೆಲಸ ಎರಡು ಪಟ್ಟು ಹೊತ್ತು ಹಿಡಿಯುತ್ತಿತ್ತು. ನನಗೆ ಭಾನುವಾರ ಬೇರೆ ಕೆಲಸವಿರಲಿಲ್ಲ.

ಮುಗಿದ ಮೇಲೆ ಹಂಪಿಯ ಕಡೆ ಒಬ್ಬನೇ ಹೋಗುತ್ತಿದ್ದೆ. ಹಂಪಿ ಬಜಾರಿನ ಈಚೆ, ವಾಹನ ನಿಲ್ಲಿಸುವ ಬಯಲಿನಲ್ಲಿ ನಾಲ್ಕೂ ಬಾಗಿಲು ತೆರೆದಿಟ್ಟು ಹೊಸ್ತಿಲು ಒತ್ತುತ್ತಿದ್ದರೆ ಆಟೊದವರು ಬಾಡಿಗೆ ಗಾಡಿಯೆಂದು ತಿಳಿದು ನನ್ನನ್ನು ಡ್ರೈವರ್ ಎಂದೇ ಮಾತನಾಡಿಸುತ್ತಿದ್ದರು. “ಪಾರ್ಟಿ ಗುಡಿಯಾಗ ಅದಾರೇನ್ರಿ?” ಎಂದು ಒಬ್ಬ ಕೇಳಿದ. ಹೌದು ಎಂದೆ. ಚಹಾ ಕುಡಿದು ವಾಪಸು ಬಂದು ಕೀಲಿ ಕೊಡುತ್ತಿದ್ದೆ. ವೈನಿ ಕಾಫಿ ತಂದು ಕಟ್ಟೆಯ ಮೇಲಿಡುತ್ತಿದ್ದರು. ಅವರು ಬಾಗಿಲ ಒಳಗೆ ಕುರ್ಚಿ ಹಾಕಿಕೊಂಡು, ನಾನು ಹೊರಗೆ ಕಟ್ಟೆಯ ಮೇಲೆ. ನೀರಿನ ಸಮಸ್ಯೆ, ಓಣಿಯ ಹುಡುಗರ ಪರೀಕ್ಷೆ, ಯಾರ ಮನೆಯಲ್ಲಿ ಮುಂಜಿ ಎಂದು ಮಾತು. ಅವನ ಮಾತು ಹೆಚ್ಚಾಗಿ ಬರುತ್ತಿರಲಿಲ್ಲ. ಎದುರುಮನೆಯಾಕೆ ತರಕಾರಿ ಗಾಡಿಯ ಹತ್ತಿರ ನಿಂತು ನೋಡುತ್ತಿದ್ದರೆ ವೈನಿ ತುಸು ಗಟ್ಟಿಯಾಗಿ, “ಹಿಂದಿನ ಟೈರಿನಾಗ ಗಾಳಿ ಕಮ್ಮಿ ಅನಸ್ತದ, ನೋಡ್ರಿ,” ಅನ್ನುತ್ತಿದ್ದರು. ನಾನು ಎದ್ದು ನೋಡುತ್ತಿದ್ದೆ. ಟೈರು ಸರಿಯಾಗಿಯೇ ಇರುತ್ತಿತ್ತು.

ನಾನು ಆ ಮನೆಗೆ ಬರಲು ಕಾರು ಒಂದೇ ಕಾರಣ ಎಂಬುದು ಇಬ್ಬರಿಗೂ ಗೊತ್ತಿತ್ತು. ಒಂಟಿ ಗಂಡಸು, ಗಂಡ ಸತ್ತ ಹೆಂಗಸು. ಆ ಓಣಿಯಲ್ಲಿ ಸುಮ್ಮನೆ ಬಂದು ಕಾಫಿ ಕುಡಿದು ಹೋದರು ಎಂಬುದಕ್ಕೆ ಅರ್ಥ ಬೇರೆ. ಕಾರು ತೊಳೆಯಲು ಬಂದವರಿಗೆ ಕಾಫಿ ಕೊಟ್ಟರು ಎಂದರೆ ಅದು ಕಾಫಿ ಮಾತ್ರ.

ಈ ವರ್ಷದ ಆರಂಭದಲ್ಲಿ ವೈನಿಗೆ ಸಂಡೂರಿನಾಚೆಯ ಗಣಿ ಊರು ದೋಣಿಮಲೈಯ ಶಾಲೆಯೊಂದರಲ್ಲಿ ಟೀಚರ್ ಕೆಲಸ ಸಿಕ್ಕಿತು. ಇರಲು ಕ್ವಾರ್ಟರ್ಸ್ ಇದೆ, ಹೋಗಿಬರಲು ಸ್ಟಾಫ್ ಬಸ್ ಇದೆ.

“ಕಾರು ಮಾರಿಬಿಡೋಣ,” ಅಂದರು. “ನನಗ ನಡಸಲಿಕ್ಕೆ ಬರೂದಿಲ್ಲ. ಅಲ್ಲಿ ಒಯ್ದು ನಿಲ್ಲಿಸಿದ್ರ ವಾರದಾಗ ಕೆಂಪಾಗ್ತದ. ಅವರು ಇಟ್ಟಂಗ ಇಡಲಿಕ್ಕೆ ನನ್ನ ಕೈಲಿ ಆಗೂದಿಲ್ಲ, ಕೆಡೋದನ್ನ ದಿನಾ ನೋಡಲಿಕ್ಕೂ ಆಗೂದಿಲ್ಲ. ಓಡಸೋರ ಕೈಗೆ ಹೋಗಲಿ.”

ಸರಿ ಅಂದೆ.

ಇಬ್ಬರು ಬಂದು ನೋಡಿ, ಹೇಳ್ತೀವಿ ಎಂದು ಹೋದರು. ಹೇಳಲಿಲ್ಲ. ವೈನಿ ಹೊರಡುವ ದಿನ ಹತ್ತಿರ ಬಂತು. ಆಗ ಕಂಪ್ಲಿ ಹತ್ತಿರದ ಮೆಟ್ರಿಯ ಒಬ್ಬ ರೈತರು ಫೋನ್ ಮಾಡಿ, ಭಾನುವಾರ ಬರುತ್ತೇವೆ ಅಂದರು. ಹಿಂದಿನ ದಿನ ಸಂಜೆಯೇ ನಾನು ಕಾರು ತೊಳೆದೆ. ಪೆಟ್ರೋಲ್ ಮುಚ್ಚಳದ ಒಳಗು, ಬಾಗಿಲ ಕೀಲು, ಡಿಕ್ಕಿಯ ರಬ್ಬರಿನ ಕೆಳಗಿನ ಕಾಲುವೆ, ಎಲ್ಲವನ್ನೂ ಒಣಗಿಸಿದೆ. ಕೆಲಸ ಎಷ್ಟು ಚೆನ್ನಾಗಿ ಆಗುತ್ತದೋ ಮುಂದಿನ ಭಾನುವಾರ ಈ ಕಟ್ಟೆಯ ಮೇಲೆ ಕೂರುವ ಕಾರಣ ಅಷ್ಟು ಬೇಗ ಹೋಗುತ್ತದೆ ಎಂಬ ಲೆಕ್ಕ ಪಂಚೆ ಹಿಂಡುವಾಗ ತಲೆಗೆ ಬಂತು. ಆದರೆ ಅವನ ಕಾರನ್ನು ಅರೆಬರೆ ಒಣಗಿಸಿ ಬಿಡುವುದು ನನ್ನಿಂದಾಗುವ ಕೆಲಸವಾಗಿರಲಿಲ್ಲ.

ಭಾನುವಾರ ಬೆಳಿಗ್ಗೆ ರೈತರು ಹೆಂಡತಿಯೊಂದಿಗೆ ಬಂದರು. ಐವತ್ತರ ಆಸುಪಾಸಿನ ಮನುಷ್ಯ, ಹಣೆಯಲ್ಲಿ ವಿಭೂತಿ. ಕಾರಿನ ಸುತ್ತ ಒಂದು ಸುತ್ತು ಬಂದು, ಕೂತು, ಬಾಗಿಲ ಅಂಚಿನ ರಬ್ಬರನ್ನು ಉಗುರಿನಿಂದ ಮೇಲೆತ್ತಿ ನೋಡಿದರು. ನಮ್ಮ ಕಡೆ ಹಳೆಯ ಗಾಡಿ ನೋಡುವವರು ಮೊದಲು ನೋಡುವುದು ಅದನ್ನೇ. ರಬ್ಬರಿನ ಅಡಿ ಕೆಂಪಿದ್ದರೆ ಗಣಿಯಲ್ಲಿ ದುಡಿದ ಗಾಡಿ. ಇಲ್ಲಿ ಕೆಂಪಿರಲಿಲ್ಲ. ಇನ್ನೊಂದು ಬಾಗಿಲು ನೋಡಿದರು. ಡಿಕ್ಕಿ ತೆಗೆಸಿದರು. ಮ್ಯಾಟ್ ಎತ್ತಿ ಮೂಸಿದರು. ಆಮೇಲೆ ಎದ್ದು ನಿಂತು ಹೆಂಡತಿಯ ಮುಖ ನೋಡಿದರು.

“ಹೊಸಪೇಟಿ ಗಾಡಿ, ಸಂಡೂರಿಗೆಲ್ಲ ಹೋಗೇತಿ ಅಂತೀರಿ,” ಅಂದರು. “ಒಂದು ಚಿಟಕಿ ಕೆಂಪಿಲ್ಲ. ಇಷ್ಟು ಸ್ವಚ್ಛ ಐತಿ ಅಂದ್ರ ಏನೋ ಐತ್ರಿ.”

“ಏನಿರ್ತದ?” ಎಂದು ವೈನಿ ಕೇಳಿದರು.

“ತಪ್ಪು ತಿಳೀಬ್ಯಾಡ್ರಿ ಅಮ್ಮಾರ. ನಮ್ಮ ಕಂಪ್ಲ್ಯಾಗ ಡ್ಯಾಮಿನ ನೀರು ಬಿಟ್ಟಾಗ ಸೇತುವೆ ಮುಳುಗ್ತತಿ. ಹೊಳಿ ದಂಡ್ಯಾಗ ನಿಂತ ಗಾಡಿನೂ ಮುಳುಗ್ತಾವ. ಅಂಥಾವನ್ನ ಪೂರಾ ಬಿಚ್ಚಿ ತೊಳದು ಮಾರ್ತಾರ. ಹೊಸಾವು ಇದ್ದಂಗ ಕಾಣ್ತಾವ. ನಾಲ್ಕು ತಿಂಗಳಿಗೆ ವೈರು ಕೊಳೀತಾವ.”

“ನೀರಾಗ ಮುಳುಗಿದ್ದಲ್ಲ ಇದು,” ಎಂದರು ವೈನಿ. ದನಿ ಸಣ್ಣದಾಗಿತ್ತು.

“ಹಂಗಾರ ಈ ಸ್ವಚ್ಛ ಎಲ್ಲಿಂದ ಬಂತ್ರಿ?”

ಅವರ ಹೆಂಡತಿ ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ, “ನಿಮ್ಮ ಟ್ರಾಕ್ಟರ್ ನೋಡಿ ನೋಡಿ ನಿಮಗ ಸ್ವಚ್ಛ ಅಂದ್ರ ಗೊತ್ತಿಲ್ಲದಂಗ ಆಗೇತಿ,” ಅಂದರು.

“ನೀ ಸುಮ್ನಿರು. ಗಾಡಿ ತಗೊಳ್ಳೋದು ಸೀರಿ ತಗೊಂಡಂಗಲ್ಲ.”

“ಸೀರಿನ ನೀವು ಯಾವಾಗ ತಗೊಂಡೀರಿ ಹೇಳಾಕ.”

ರೈತರು ಕೀಲಿಯನ್ನು ಕಟ್ಟೆಯ ಮೇಲಿಟ್ಟರು. ನಾನು ಇನ್ನೊಂದು ನಿಮಿಷ ಸುಮ್ಮನಿದ್ದಿದ್ದರೆ ಅವರು ಬಸ್ ಸ್ಟ್ಯಾಂಡಿಗೆ ಹೊರಡುತ್ತಿದ್ದರು, ಕಾರು ಉಳಿಯುತ್ತಿತ್ತು. ವೈನಿ ನನ್ನನ್ನು ನೋಡಲಿಲ್ಲ, ಕಾರನ್ನು ನೋಡುತ್ತಿದ್ದರು. ಗಂಡ ಅಷ್ಟು ಜೋಪಾನ ಮಾಡಿದ್ದಕ್ಕೇ ಅದು ಮೋಸದ ಮಾಲಿನಂತೆ ಕಾಣಿಸಿತಲ್ಲ ಎಂಬುದು ಅವರ ಮುಖದ ಮೇಲಿತ್ತು.

“ಅರ್ಧ ತಾಸು ಅದಾವೇನ್ರಿ ನಿಮ್ಮ ಹತ್ರ?” ಎಂದು ನಾನು ಕೇಳಿದೆ. “ತೊಳದು ತೋರಸ್ತೀನಿ. ನೀರು ಎಲ್ಲಿ ನಿಲ್ತದ, ಹೆಂಗ ಹೋಗ್ತದ, ನೀವ ನೋಡ್ರಿ.”

ಅವರು ನಕ್ಕರು. “ತೊಳದ ಗಾಡಿ ಮತ್ತ ತೊಳೀತೀರಿ?”

“ನೀವು ಪೈಪ್ ಹಿಡೀರಿ.”

ಗದ್ದೆಗೆ ನೀರು ಕಟ್ಟಿ ರೂಢಿಯಾದ ಕೈ. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ, ಎಲ್ಲಿ ಬೇಕೋ ಅಲ್ಲಿಗೆ ಮಾತ್ರ ನೀರು ಬಿಟ್ಟರು. ನಾನು ಹಿಂದೆಯೇ ಪಂಚೆ ಎಳೆದುಕೊಂಡು ಬಂದೆ. ಬಹಳ ದಿನಗಳ ಮೇಲೆ ಬಿಸಿಲಿಗಿಂತ ನಾನು ಮುಂದಿದ್ದೆ. ಎಲ್ಲೂ ಉಂಗುರ ಬೀಳಲಿಲ್ಲ. ಛಾವಣಿಗೆ ಬಂದಾಗ ಅವರು ತಾವಾಗಿಯೇ ಪೈಪು ಕೆಳಗಿಟ್ಟು ಆ ಕಡೆಯಿಂದ ಪಂಚೆಯ ತುದಿ ಹಿಡಿದರು. ಎಳೆಯುವಾಗ ಒತ್ತಿದರು.

“ಒರೆಸಬ್ಯಾಡ್ರಿ. ನೀರು ಎತ್ತ್ರಿ,” ಅಂದೆ.

ಬಾಗಿಲ ಹತ್ತಿರ ನಿಂತಿದ್ದ ವೈನಿ ಒಳಗೆ ಹೋದರು.

ಆಮೇಲೆ ದಂಪತಿಯನ್ನು ಕೂರಿಸಿಕೊಂಡು ಹಂಪಿಯ ದಾರಿ ಹಿಡಿದೆ. ಕಾಲುವೆಯ ಪಕ್ಕ ನಿಲ್ಲಿಸಿ ಬಾಗಿಲು ತೆರೆದೆ. ಹೊಸ್ತಿಲಿನ ಕೆಳಗಿನ ತೂತುಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ರೈತರು ಬಗ್ಗಿ ಆ ನೀರನ್ನು ಅಂಗೈಯಲ್ಲಿ ಹಿಡಿದು ನೋಡಿದರು. ತಿಳಿಯಾಗಿತ್ತು. ಕನ್ನಡಿಯ ಹಿಂದೆ ಬೆರಳು ಹಾಕಿ ನೋಡಿದರು. ವಾಪಸು ಬರುವಾಗ ಸ್ಟೀರಿಂಗ್ ಅವರೇ ಹಿಡಿದರು.

“ಪ್ರತಿ ಸಲ ಹಿಂಗ ಮಾಡ್ತಿದ್ದಿರೇನು?”

“ಪ್ರತಿ ರವಿವಾರ.”

“ಕೆಲಸ ಇರಲಿಲ್ಲೇನ್ರಿ ನಿಮಗ?” ಎಂದು ಹಿಂದಿನ ಸೀಟಿನಿಂದ ಅವರ ಹೆಂಡತಿ ಕೇಳಿದರು. ಕುಹಕವಿರಲಿಲ್ಲ, ತಿಳಿದುಕೊಳ್ಳಲು ಕೇಳಿದ್ದು.

“ಇತ್ರಿ,” ಅಂದೆ. “ಇದ ಕೆಲಸ ಇತ್ತು.”

ಮನೆಗೆ ಬಂದ ಮೇಲೆ ಮಾತು ಬೇಗ ಮುಗಿಯಿತು. ಮಧ್ಯಾಹ್ನದ ಯಮಗಂಡಕಾಲ ಬರುವುದರೊಳಗೆ ಹೊರಡಬೇಕೆಂದು ರೈತರು ಅವಸರ ಮಾಡಿದರು. ಕಾಗದಗಳಿಗೆ ಸಹಿ ಆಯಿತು. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು. ರೈತರ ಹೆಂಡತಿ ಚೀಲದಿಂದ ಕುಂಕುಮದ ಪೊಟ್ಟಣ ತೆಗೆದು ವೈನಿಯ ಮುಂದೆ ಹಿಡಿದರು.

“ನಾನು ಹಚ್ಚಬಾರದ್ರಿ,” ಎಂದರು ವೈನಿ.

“ಗಾಡಿಗೆ ಏನು ಗೊತ್ತಾಗ್ತತಿ ಅದೆಲ್ಲ. ಇನ್ನಾ ನಿಮ್ಮದ ಐತಿ ಇದು. ಹಚ್ಚಿ ಕಳಸ್ರಿ ಅಕ್ಕಾ.”

ವೈನಿ ಬೆರಳು ಅದ್ದಿ ಬಾನೆಟ್ಟಿನ ನಡುವೆ ಇಟ್ಟರು. ಕುಂಕುಮ ಕದಡಲಿಲ್ಲ. ಬಾನೆಟ್ ಒಣಗಿತ್ತು.

ಕಾರು ಓಣಿಯ ತಿರುವು ದಾಟುವವರೆಗೆ ನಿಂತು ನೋಡಿದೆವು. ಎದುರುಮನೆಯಾಕೆಯೂ ನೋಡಿದರು. ಆಮೇಲೆ ವೈನಿ, “ಕಾಫಿ ಮಾಡ್ತೀನಿ, ಕೂಡ್ರಿ,” ಎಂದರು. ನಾನು ಕಟ್ಟೆಯ ಮೇಲೆ ಕೂತೆ. ಅವರು ಕಾಫಿ ತಂದುಕೊಟ್ಟು, ಕುರ್ಚಿ ಹಾಕಿಕೊಂಡು ಒಳಗೆ ಕೂತರು. ನಮ್ಮ ಎದುರಿಗೆ ನೆಲ ಒದ್ದೆಯಾಗಿತ್ತು, ಕಾರು ನಿಂತ ಜಾಗ ಮಾತ್ರ ಅದರ ಅಳತೆಗೆ ಒಣಗಿತ್ತು. ನೋಡುವುದಕ್ಕೆ ಬೇರೇನೂ ಇರಲಿಲ್ಲವಾದ್ದರಿಂದ ಇಬ್ಬರೂ ರಸ್ತೆ ನೋಡಿದೆವು.

“ಸಾಮಾನು ಕಟ್ಟೋದಿದ್ರ ಬರ್ತೀನಿ,” ಅಂದೆ.

“ತಮ್ಮ ಬರ್ತಾನ. ಲಾರಿನೂ ಅವನ ಹೇಳ್ಯಾನ.” ಎದುರುಮನೆಯ ಕಡೆ ಒಮ್ಮೆ ನೋಡಿ, “ಬರಬ್ಯಾಡ್ರಿ ಅಂತಲ್ಲ,” ಎಂದರು.

“ಗೊತ್ತದ,” ಅಂದೆ. ಲೋಟ ಕಟ್ಟೆಯ ಮೇಲಿಟ್ಟು ಎದ್ದೆ.

ಅವರು ದೋಣಿಮಲೈಗೆ ಹೋದ ಮೇಲೆ ಒಮ್ಮೆ ಫೋನ್ ಮಾಡಿ ಕ್ವಾರ್ಟರ್ಸ್ ಚೆನ್ನಾಗಿದೆ, ರಾತ್ರಿ ತಂಪಿರುತ್ತದೆ ಎಂದು ಹೇಳಿದರು. ನಾನು ಭಾನುವಾರಗಳಲ್ಲಿ ಮಲಗುತ್ತೇನೆ, ಪತ್ರಿಕೆ ಓದುತ್ತೇನೆ. ಕಾರು ಕೊಳ್ಳುವ ಯೋಚನೆ ಬಂದಿತ್ತು, ಬಿಟ್ಟೆ. ಒಬ್ಬನಿಗೆ ಬೈಕ್ ಸಾಕು. ಬೈಕನ್ನು ಒಣಗಿಸಬೇಕಾಗಿಲ್ಲ, ಬಿಸಿಲಿಗೆ ತಾನೇ ಒಣಗುತ್ತದೆ.

ಕಳೆದ ತಿಂಗಳು ಟೌನ್‌ಶಿಪ್ಪಿನ ನೀರು ಸರಬರಾಜಿನ ಬಗ್ಗೆ ವರದಿ ಮಾಡಲು ದೋಣಿಮಲೈಗೆ ಹೋಗಿದ್ದೆ. ಕೆಲಸ ಮುಗಿಸಿ ಬರುವಾಗ ಸ್ಟಾಫ್ ಬಸ್ಸಿಗೆ ಕಾಯುತ್ತಿದ್ದವರ ನಡುವೆ ವೈನಿ ನಿಂತಿದ್ದರು. ಕೈಯಲ್ಲಿ ತರಕಾರಿಯ ಖಾಲಿ ಚೀಲ. ಸಂಡೂರಿನ ಸಂತೆಗೆ ಹೊರಟಿದ್ದರು. ಪಕ್ಕದಲ್ಲಿ ಶಾಲೆಯ ಇನ್ನಿಬ್ಬರು ಟೀಚರುಗಳು. ನಾನು ಬೈಕ್ ನಿಲ್ಲಿಸಿದೆ.

“ಕೆಲಸದ ಮ್ಯಾಲೆ ಬಂದಿದ್ದಿರೇನು?” ಎಂದು ಕೇಳಿದರು.

“ಹೌದು. ನೀರಿನ ಸುದ್ದಿ.”

“ಹಂಗೇನು,” ಅಂದರು. ಪಕ್ಕದವರಿಗೆ ನನ್ನನ್ನು ತೋರಿಸಿ, “ಪೇಪರಿನವರು. ನಮ್ಮ ಮನಿಯವರ ಸಂಗ್ತಿ ಕೆಲಸ ಮಾಡ್ತಿದ್ರು,” ಎಂದರು. ಅವರು ನಮಸ್ಕಾರ ಮಾಡಿದರು. ನಾನೂ ಮಾಡಿದೆ.

ಬಸ್ ಬರುವವರೆಗೆ ನೀರಿನ ಬಗ್ಗೆ ಮಾತಾಡಿದೆವು. ದಿನ ಬಿಟ್ಟು ದಿನ ಬರುತ್ತದೆ ಎಂದು ವೈನಿ ಹೇಳಿದರು. ಅದನ್ನು ಬರೆದುಕೊಂಡೆ. ಮತ್ತೇನಾದರೂ ಕೇಳಬಹುದಿತ್ತು, ಟೀಚರುಗಳು ಕೇಳಿಸಿಕೊಳ್ಳುತ್ತಿದ್ದರು. ಬಸ್ ಬಂತು. ಹತ್ತುವ ಮೊದಲು ಅವರು ಒಂದು ಸಲ ತಿರುಗಿ, “ಹೆಸರು ಹಾಕಬ್ಯಾಡ್ರಿ,” ಅಂದರು.

ಇಲ್ಲ ಅಂದೆ. ಸಂಜೆ ವರದಿ ಕಳಿಸಿದೆ. ದಿನ ಬಿಟ್ಟು ದಿನ ನೀರು ಬರುತ್ತದೆ ಎಂದು ಸ್ಥಳೀಯ ನಿವಾಸಿಯೊಬ್ಬರು ತಿಳಿಸಿದರು ಎಂದು ಬರೆದೆ.